ಡಬ್ಬಿಯ ಮೇಲಿನ ಗೀಟು

ನಾವಿಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಎಪ್ಪತ್ತರ ದಶಕದ ನಡುವೆ ಎಲ್ಲೋ, ಕೋಲಾರ ಸ್ಟೇಷನ್ನಿನ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಪೆನ್ನಿನಲ್ಲಿ ರುಜು ಹಾಕಿದೆವು. ಪೆನ್ನು ನನ್ನದು, ಅವನು ತಂದಿರಲಿಲ್ಲ. ಅವತ್ತು ಅವನನ್ನು ನೋಡಿ ನನಗೆ ಪಾಪ ಅನ್ನಿಸಿತ್ತು. ಮುಂದೆ ಹತ್ತು ಹನ್ನೆರಡು ವರ್ಷ ಇದೇ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುತ್ತ ಬದುಕುತ್ತೇನೆ ಅಂತ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಮಾಲೂರಿನವನು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುತ್ತಿದ್ದರು. ಮನೆಯ ಹಿಂದೆಯೇ ದೊಡ್ಡ ರೈಲಿನ ಕಂಬಿ. ಬೆಂಗಳೂರಿಂದ ಮದರಾಸಿಗೆ ಹೋಗುವ ಗಾಡಿಗಳ ಸದ್ದು ಕೇಳುತ್ತಲೇ ಬೆಳೆದೆ. ಐಟಿಐನಲ್ಲಿ ಫಿಟ್ಟರ್ ಓದಿ ಸರ್ಟಿಫಿಕೇಟ್ ತಂದಿದ್ದೆ. ಡ್ರಾಯಿಂಗ್ ನೋಡಿ ಕೆಲಸ ಮಾಡುವುದು ಬರುತ್ತಿತ್ತು. ಅವನು ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಹಳ್ಳಿಯವನು. ಕಂಬಳಿ ನೇಯುವ ಮನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ. ಅವರ ಕಡೆ ರೈಲೇ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವನು ರೈಲು ಹತ್ತಿದ್ದೇ ಒಂದು ಸಲವಂತೆ. ಕೆಲಸದ ಜಾಗದಲ್ಲಿ ನಮಗೆ ಹೆಸರು ಉಳಿಯಲಿಲ್ಲ. ನಾನು ಮಾಲೂರು, ಅವನು ಮುಳಬಾಗಿಲು. ನಮ್ಮ ಮೇಲಿನ ಸಾಹೇಬರು ಕೂಡ ಹಾಗೇ ಕರೆಯುತ್ತಿದ್ದರು.

ಕೋಲಾರ, ಶ್ರೀನಿವಾಸಪುರದ ಮೇಲೆ ಹಾದುಹೋಗುತ್ತಿದ್ದದ್ದು ಚಿಕ್ಕ ರೈಲು, ನ್ಯಾರೋಗೇಜು. ಅದರ ಗೂಡ್ಸ್ ವ್ಯಾಗನ್ನುಗಳು, ನಮ್ಮ ಬಾಯಲ್ಲಿ ಡಬ್ಬಗಳು, ಕೆಟ್ಟರೆ ಸ್ಟೇಷನ್ನಿನ ಹಿಂದಿನ ಒಂದು ಕಂಬಿಯ ಮೇಲೆ ತಂದು ನಿಲ್ಲಿಸುತ್ತಿದ್ದರು. ಅದಕ್ಕೆ ಸಿಕ್ ಲೈನ್ ಅಂತ ಹೆಸರು. ಅಲ್ಲಿ ನಮ್ಮಿಬ್ಬರ ಕೆಲಸ ಮುಖ್ಯವಾಗಿ ಒಂದೇ: ಗಾಲಿಯ ಅಚ್ಚಿನ ತುದಿಗೆ ಧೂಳು, ನೀರು ಹೋಗದ ಹಾಗೆ ನೋಡಿಕೊಳ್ಳುವುದು.

ಅಚ್ಚಿನ ತುದಿ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ತಿರುಗುತ್ತದೆ. ಅದನ್ನು ನಾವು ಡಬ್ಬಿ ಅನ್ನುತ್ತಿದ್ದೆವು. ಒಳಗೆ ಅಚ್ಚಿನ ಮೇಲೆ ಹಿತ್ತಾಳೆಯ ಬೇರಿಂಗು ಕೂತಿರುತ್ತದೆ, ಕೆಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ವೇಸ್ಟು ತುಂಬಿರುತ್ತದೆ. ಡಬ್ಬಿಗೆ ಮುಂದೆ ಮುಚ್ಚಳ ಇದೆ, ಹಿಂದೆ ಮಾತ್ರ ಅಚ್ಚು ಒಳಗೆ ಹೋಗುವ ತೂತು. ಆ ತೂತಿನ ಸುತ್ತ ಕೊರೆದ ಕಾಲುವೆಯಂಥ ಜಾಗದಲ್ಲಿ ಉಣ್ಣೆಯ ಫೆಲ್ಟಿನ ಪಟ್ಟಿಯನ್ನು ಉಂಗುರದ ಹಾಗೆ ಕೂರಿಸಬೇಕು. ಅದು ಸಡಿಲವಾದರೆ ಕೆಂಪು ಧೂಳು ಒಳಗೆ ಹೋಗಿ ಎಣ್ಣೆ ಕೆಸರಾಗುತ್ತದೆ. ಮಳೆನೀರು ಹೋದರೆ ನೀರು ತಳ ಹಿಡಿದು ಎಣ್ಣೆ ಮೇಲೆದ್ದು ಹೊರಗೆ ಚೆಲ್ಲುತ್ತದೆ. ಎಣ್ಣೆ ಇಲ್ಲದ ಹಿತ್ತಾಳೆ ಕಾಯುತ್ತದೆ, ಹೊಗೆಯಾಡುತ್ತದೆ, ಕೊನೆಗೆ ಕರಗುತ್ತದೆ. ಹಾಗೆ ಹೊಗೆಯಾಡುತ್ತ ಬಂದ ಡಬ್ಬಿಯನ್ನು ಹಾಟ್ ಆಕ್ಸಲ್ ಅನ್ನುತ್ತಿದ್ದರು. ಆ ಎರಡು ಶಬ್ದ ಕೇಳಿದರೆ ಸಿಕ್ ಲೈನಿನಲ್ಲಿ ಎಲ್ಲರ ಮುಖ ಬಾಡುತ್ತಿತ್ತು.

ಯಾರು ಮುಚ್ಚಿದ ಡಬ್ಬಿ ಅಂತ ಗೊತ್ತಾಗಲಿ ಎಂದು ಸಾಹೇಬರು ಒಂದು ಕ್ರಮ ಮಾಡಿದ್ದರು. ಕೆಲಸ ಮುಗಿದ ಮೇಲೆ ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಹಾಕಬೇಕು. ನನ್ನದು ಸೊನ್ನೆ. ಅವನದು ಒಂದು ಗೀಟು.

ಮೊದಲ ವರ್ಷವೇ ಲೆಕ್ಕ ಸಿಕ್ಕಿಬಿಟ್ಟಿತು. ಹೊಗೆಯಾಡುತ್ತ ಬಂದ ಡಬ್ಬಿಗಳ ಮೇಲೆಲ್ಲ ಸೊನ್ನೆ. ಯಾವಾಗಲೋ ಅಪರೂಪಕ್ಕೆ ಒಂದು ಗೀಟು ಬಂದರೂ ಅದು ಹಿತ್ತಾಳೆಯಲ್ಲೇ ಬಿರುಕಿದ್ದದ್ದೋ ಏನೋ ಆಗಿರುತ್ತಿತ್ತು. ಸಾಹೇಬರು ಗಾಡಿಗಳನ್ನು ಪರೀಕ್ಷೆ ಮಾಡುವ ಅಧಿಕಾರಿ, ಕೆಟ್ಟ ಮನುಷ್ಯರಲ್ಲ. ಬೈಯುತ್ತಿರಲಿಲ್ಲ, ಅದಕ್ಕಿಂತ ಕಷ್ಟದ ಮಾತು ಆಡುತ್ತಿದ್ದರು.

"ಏನಯ್ಯ ಮಾಲೂರು, ಸರ್ಟಿಫಿಕೇಟ್ ಇಟ್ಕೊಂಡಿದ್ದೀಯ. ಮುಳಬಾಗಿಲನ್ನ ನೋಡಿ ಒಸಿ ಕಲೀಬಾರ್ದಾ?"

ಅವನು ಅಲ್ಲೇ ನಿಂತಿರುತ್ತಿದ್ದ. ನಗುತ್ತಿರಲಿಲ್ಲ, ಬೀಗುತ್ತಿರಲಿಲ್ಲ. ಕೈ ಒರೆಸಿಕೊಳ್ಳುತ್ತ ನೆಲ ನೋಡುತ್ತಿದ್ದ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನ ಬಳಿ ಹೋಗಿ "ಹೆಂಗೋ ಮಾಡ್ತೀಯ?" ಅಂತ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ರೈಲೇ ಕಾಣದ ಊರಿನವನ ಹತ್ತಿರ, ರೈಲಿನ ಪಕ್ಕದಲ್ಲೇ ಹುಟ್ಟಿದವನು ಕೇಳುವುದೇನು?

ಕೆಲಸದ ಜಾಗದಲ್ಲಾದರೆ ಹೇಗೋ ನುಂಗಬಹುದು. ಆದರೆ ನಮ್ಮ ಮನೆ, ಅವನ ಮನೆ ಎರಡೂ ಒಂದೇ ಬೀದಿಯಲ್ಲಿದ್ದವು. ನನ್ನ ಹೆಂಡತಿ ಶ್ರೀನಿವಾಸಪುರದವಳು. ಪ್ರತಿ ಬೇಸಿಗೆಯಲ್ಲಿ ತವರಿನಿಂದ ಮಾವಿನಕಾಯಿ ತಂದು ಉಪ್ಪಿನಕಾಯಿ ಹಾಕುತ್ತಿದ್ದಳು; ಪ್ರತಿ ಮಳೆಗಾಲದಲ್ಲಿ ಅದಕ್ಕೆ ಬೂಸ್ಟು ಬರುತ್ತಿತ್ತು. ಒಂದು ಭಾನುವಾರ ಅವನು ಯಾಕೋ ಮನೆಗೆ ಬಂದವನು ಅದನ್ನು ನೋಡಿ, "ಬಾಯಿ ಸರಿಯಾಗಿ ಕಟ್ಟಿಲ್ಲ ಅಕ್ಕ, ಗಾಳಿ ಆಡ್ತಾ ಐತೆ" ಅಂದ. ಹಳೆಯ ಪಂಚೆಯ ತುಂಡನ್ನು ಮೇಣದಲ್ಲಿ ಅದ್ದಿ, ಜಾಡಿಯ ಬಾಯಿಗೆ ಎರಡು ಸುತ್ತು ಹಾಕಿ, ಹುರಿಯಿಂದ ಬಿಗಿದು ಕೊಟ್ಟ. ಆ ವರ್ಷ ಉಪ್ಪಿನಕಾಯಿಗೆ ಏನೂ ಆಗಲಿಲ್ಲ. ಮಳೆಗಾಲ ಕಳೆದು ದೀಪಾವಳಿ ಬಂದರೂ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

"ಆ ಅಣ್ಣ ಎಷ್ಟ್ ಚೆನ್ನಾಗಿ ಕಟ್ಟಿದಾರೆ ನೋಡಿ. ನೀವೂ ಅದೇ ಕೆಲ್ಸ ಮಾಡೋದಲ್ವಾ?"

ಅವಳು ಚುಚ್ಚಿ ಆಡಿದ ಮಾತಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದು. ನಾನು ಉಪ್ಪಿನಕಾಯಿ ಬೇಡವೆಂದು ಮಜ್ಜಿಗೆ ಹಾಕಿಸಿಕೊಂಡು ಎದ್ದೆ. ಆಮೇಲೆ ಆ ಜಾಡಿ ಖಾಲಿಯಾಗುವವರೆಗೂ ಅದರಿಂದ ಒಂದು ಹೋಳು ಬಾಯಿಗೆ ಇಡಲಿಲ್ಲ. ಮೂವತ್ತು ದಾಟಿದ ಗಂಡಸು, ಎರಡು ಮಕ್ಕಳ ತಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಹೀಗೆ ಐದಾರು ವರ್ಷ ಕಳೆಯಿತು. ಎಂಬತ್ತರ ದಶಕ ಶುರುವಾಗಿತ್ತು. ಒಂದು ದಿನ ಅವನು ರಜೆಯಲ್ಲಿದ್ದಾಗ, ಗೀಟು ಹಾಕಿದ ಒಂದು ಡಬ್ಬಿಯನ್ನು ಬೇರೆ ಕೆಲಸಕ್ಕೆಂದು ನಾನು ಬಿಚ್ಚಬೇಕಾಯಿತು. ಹಿಂದಿನ ಪಟ್ಟಿ ಎಳೆದು ನೋಡಿದರೆ ಅದು ಫೆಲ್ಟಲ್ಲ. ಕಪ್ಪು ಕಂಬಳಿ. ಹಳೆಯ ಕಂಬಳಿಯನ್ನು ಸೀಳಿ, ಮಡಿಸಿ ಹೊಲಿದು, ಪಟ್ಟಿ ಮಾಡಿ ಕೂರಿಸಿದ್ದ.

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಇಷ್ಟು ವರ್ಷ ಇವನ ಕೈಗುಣ ಅಂದುಕೊಂಡದ್ದು ಇದಾ? ಸ್ಟೋರಿನಿಂದ ಬಂದ ಮಾಲು ಬಿಟ್ಟು ಬೇರೆಯದು ಹಾಕುವ ಹಾಗಿಲ್ಲ, ಅದು ರೂಲು. ನಾನು ಆ ಕಂಬಳಿಯ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತೆ.

"ಸಾರ್, ಮುಳಬಾಗಿಲು ಸ್ಟೋರಿನ ಫೆಲ್ಟ್ ಹಾಕ್ತಿಲ್ಲ. ಕಂಬಳಿ ಹಾಕ್ತಾನೆ."

ಸಾಹೇಬರು ತುಂಡನ್ನು ಬೆರಳಲ್ಲಿ ಹಿಸುಕಿ ನೋಡಿದರು. ನನ್ನ ಮುಖವನ್ನೂ ನೋಡಿದರು. "ಸರಿ, ಹೋಗು," ಅಂದರು. ಶಹಬ್ಬಾಸ್ ಅನ್ನಲಿಲ್ಲ.

ಅವನು ರಜೆ ಮುಗಿಸಿ ಬಂದ ಕೂಡಲೇ ಕರೆಸಿ ಕೇಳಿದರು. ಅವನು ಇಲ್ಲ ಅನ್ನಲಿಲ್ಲ. "ಹೋದ ವರ್ಷ ಬಂದ ಫೆಲ್ಟು ಹತ್ತಿ ತರ ಕಿತ್ಕೊಂಡ್ ಬರ್ತಿತ್ತು ಸಾರ್. ಅದಕ್ಕೇ ನಮ್ಮನೇದು ಒಂದಷ್ಟು ತಂದು ಹಾಕ್ದೆ," ಅಂದ. ಸಾಹೇಬರು ಒಂದು ಮೆಮೋ ಕೊಟ್ಟರು. ಜೊತೆಗೆ, ಕಂಬಳಿ ಹಾಕಿದ ಡಬ್ಬಿಗಳನ್ನೆಲ್ಲ ಗಾಡಿ ಬಂದ ಹಾಗೆಲ್ಲ ಬಿಚ್ಚಿ ಸ್ಟೋರಿನ ಹೊಸ ಫೆಲ್ಟು ಹಾಕಬೇಕು, ಇಬ್ಬರಲ್ಲಿ ಯಾರ ಕೈ ಬಿಡುವಿದ್ದರೆ ಅವರು ಮಾಡಿ ತಮ್ಮ ಗುರುತು ಹಾಕಬೇಕು ಅಂತ ಹೇಳಿದರು.

ಯಾರು ಹೇಳಿದ್ದು ಅಂತ ಅವನಿಗೆ ಗೊತ್ತಿತ್ತು. ಮಾರನೆಯ ದಿನ ಎಂದಿನಂತೆ ಟೀ ಕುಡಿಯಲು ಕರೆಯಲಿಲ್ಲ, ಅಷ್ಟೇ.

ಆ ಡಬ್ಬಿಗಳನ್ನು ಬಿಚ್ಚುವುದು ನನಗೊಂದು ಶಿಕ್ಷೆಯಾಯಿತು. ವರ್ಷದ ಹಿಂದೆ ಮುಚ್ಚಿದ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಎಣ್ಣೆ ನಿನ್ನೆ ಹಾಕಿದ ಹಾಗೆ ತಿಳಿಯಾಗಿತ್ತು. ಬೆರಳು ಅದ್ದಿ ಉಜ್ಜಿದರೆ ಒಂದು ಮಣ್ಣಿನ ಕಣ ಸಿಗುತ್ತಿರಲಿಲ್ಲ. ಅಚ್ಚಿನ ತುದಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ನನ್ನ ಡಬ್ಬಿಗಳಲ್ಲಿ ಮೂರು ತಿಂಗಳಿಗೇ ಎಣ್ಣೆ ರಾಗಿ ಅಂಬಲಿಯಂತೆ ಆಗಿರುತ್ತಿತ್ತು. ಎಲ್ಲ ಕಂಬಳಿಯ ಮಹಿಮೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಕಂಬಳಿ ಬಂದದ್ದು ಹೋದ ವರ್ಷ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವನು ಹಾಕುತ್ತಿದ್ದದ್ದು ನನ್ನ ಹಾಗೇ ಸ್ಟೋರಿನ ಫೆಲ್ಟು. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದೆ.

ಆ ಸರದಿಯಲ್ಲಿ ಒಂದು ಸಂಜೆ ಒಂದು ಡಬ್ಬದ ಕೆಲಸ ಮುಗಿಸಿದೆ. ಅವನ ಕಂಬಳಿ ತೆಗೆದು ನನ್ನ ಫೆಲ್ಟು ಕೂರಿಸಿ, ಮುಚ್ಚಳ ಬಿಗಿದೆ. ಗುರುತು ಹಾಕೋಣವೆಂದರೆ ಬಿಳಿ ಬಣ್ಣ ಮುಗಿದಿತ್ತು. ಇದು ನಿಜ. ಮರುದಿನ ಬೆಳಿಗ್ಗೆ ಸ್ಟೋರಿನಿಂದ ಬಣ್ಣ ಬಂತು. ಗಾಡಿ ಇನ್ನೂ ಅಲ್ಲೇ ನಿಂತಿತ್ತು. ಇದೂ ನಿಜ. ಬ್ರಷ್ ಹಿಡಿದು ಹತ್ತಿರ ಹೋದೆ. ಡಬ್ಬಿಯ ಮೇಲೆ ಅವನ ಗೀಟು ಹಾಗೇ ಇತ್ತು. ಹಿಂದಿನ ವಾರವಷ್ಟೇ ನನ್ನ ಇನ್ನೊಂದು ಸೊನ್ನೆ ಹೊಗೆಯಾಡುತ್ತ ಬಂದಿತ್ತು. ನಾನು ಸ್ವಲ್ಪ ಹೊತ್ತು ನಿಂತು, ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆದು ಇಟ್ಟುಬಿಟ್ಟೆ. ಮಧ್ಯಾಹ್ನ ಗಾಡಿ ಹೊರಟಿತು.

ಮೇ ತಿಂಗಳು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ. ಅಷ್ಟು ಹೊತ್ತಿಗೆ ಹೆಚ್ಚಿನ ಹಣ್ಣು ಲಾರಿಯಲ್ಲೇ ಹೋಗುತ್ತಿದ್ದರೂ ಒಬ್ಬಿಬ್ಬರು ಮಂಡಿಯವರು ಇನ್ನೂ ರೈಲಿಗೆ ತುಂಬಿಸುತ್ತಿದ್ದರು. ಹಾಗೆ ತುಂಬಿಸಿದ್ದು ಅದೇ ಡಬ್ಬ. ಶ್ರೀನಿವಾಸಪುರ ಬಿಟ್ಟು ಒಂದು ಗಂಟೆಯೂ ಆಗಿರಲಿಲ್ಲ, ನಡುದಾರಿಯ ಒಂದು ಚಿಕ್ಕ ಸ್ಟೇಷನ್ನಿನಲ್ಲಿ ಗಾಲಿಯಿಂದ ಬೆಂಕಿ ಕಾಣಿಸಿತು. ಗಾರ್ಡು ನೋಡಿ ನಿಲ್ಲಿಸದಿದ್ದರೆ ಅಚ್ಚು ಮುರಿದು ಡಬ್ಬವೇ ಮಗುಚಿಕೊಳ್ಳುತ್ತಿತ್ತು. ಅದನ್ನು ಕಳಚಿ ಬದಿಗೆ ನಿಲ್ಲಿಸಿದರು. ಹಣ್ಣು ಎರಡು ದಿನ ಬಿಸಿಲಲ್ಲಿ ಬೆಂದು, ಡಬ್ಬದ ಸಂದುಗಳಿಂದ ರಸ ಸೋರಿ ಕೆಳಗೆ ನೊಣ ಮುತ್ತಿತ್ತು. ನಾವು ಮೂವರೂ, ಸಾಹೇಬರು, ಅವನು, ನಾನು, ಟ್ರಾಲಿಯಲ್ಲಿ ಅಲ್ಲಿಗೆ ಹೋದಾಗ ಆ ವಾಸನೆಗೆ ನಿಲ್ಲಲಾಗುತ್ತಿರಲಿಲ್ಲ.

ಹಿತ್ತಾಳೆ ಕರಗಿ ಡಬ್ಬಿಯ ತಳದಲ್ಲಿ ಹೆಪ್ಪುಗಟ್ಟಿತ್ತು. ಡಬ್ಬಿಯ ಮೇಲೆ ಮಸಿ ಹಿಡಿದಿದ್ದರೂ ಗೀಟು ಸ್ಪಷ್ಟವಾಗಿ ಕಾಣುತ್ತಿತ್ತು.

"ಏನಯ್ಯ ಇದು ಮುಳಬಾಗಿಲು? ನಿನ್ನದಾ?" ಸಾಹೇಬರ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವಿತ್ತು.

ಅವನು ಕುಕ್ಕರುಗಾಲಲ್ಲಿ ಕೂತು, ಹಿಂದಿನಿಂದ ಕೈ ಹಾಕಿ, ಸುಟ್ಟು ಉಳಿದಿದ್ದ ಫೆಲ್ಟಿನ ತುಂಡನ್ನು ಹೊರಗೆಳೆದ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಪಟ್ಟಿಯ ತುದಿ ಕತ್ತರಿಸಿದ ಜಾಗವನ್ನು ಬೆರಳಿಂದ ಸವರಿದ. ನಾನು ಯಾವಾಗಲೂ ನೇರ ಕತ್ತರಿಸುತ್ತಿದ್ದೆ, ಅವನು ಓರೆಯಾಗಿ. ಅವನು ತಲೆ ಎತ್ತಿ ನನ್ನನ್ನು ನೋಡಿದ. ನಾನು ಮಾವಿನಹಣ್ಣಿನ ಕಡೆ ಮುಖ ತಿರುಗಿಸಿದೆ.

"ಗೀಟು ನಂದೇ ಸಾರ್," ಅಂದ.

ಅಷ್ಟೇ ಅಂದದ್ದು. ಮೊದಲೇ ಮೆಮೋ ಇದ್ದವನು, ಈಗ ಇದು. ಮೇಲಿನಿಂದ ವಿಚಾರಣೆ ಬಂತು. ಅವನನ್ನು ಚಿಂತಾಮಣಿಯ ಆಚೆಯ ಒಂದು ಸಣ್ಣ ಸ್ಟೇಷನ್ನಿಗೆ ವರ್ಗ ಮಾಡಿದರು. ಅಲ್ಲಿ ಡಬ್ಬಿ ಬಿಚ್ಚುವ ಕೆಲಸವೇ ಇಲ್ಲ. ನಿಂತ ಗಾಡಿಗಳಿಗೆ ಎಣ್ಣೆ ಬಿಡುವುದಷ್ಟೇ. ಹೆಂಡತಿ ಮಕ್ಕಳನ್ನು ಸ್ಕೂಲಿನ ಸಲುವಾಗಿ ಕೋಲಾರದಲ್ಲೇ ಬಿಟ್ಟು ಹೋದ. ಭಾನುವಾರಗಳಲ್ಲಿ ಬಂದು ಹೋಗುತ್ತಿದ್ದ. ಸಿಕ್ ಲೈನಿನ ಉಸ್ತುವಾರಿ ನನಗೆ ಬಂತು.

ಬೇಕಾದದ್ದು ಸಿಕ್ಕಿತಲ್ಲ, ಇನ್ನೇನು ಅಂದುಕೊಳ್ಳಬಹುದು. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಮೊದಲು ಅವನ ಕೈಗೆ ಕರುಬುತ್ತಿದ್ದೆ, ಈಗ ಅವನ ಆ ಮಾತಿಗೆ ಕರುಬತೊಡಗಿದೆ. ಒಂದು ಸುಳ್ಳೂ ಹೇಳದೆ, ನನ್ನ ಹೆಸರನ್ನೂ ಎತ್ತದೆ ಎದ್ದು ಹೋದನಲ್ಲ! ಅಂಥ ದೊಡ್ಡತನ ಅವನಿಗೆ ಎಲ್ಲಿಂದ ಬಂತು? ನನಗೆ ಯಾಕಿಲ್ಲ? ಭಾನುವಾರ ಬೀದಿಯಲ್ಲಿ ಅವನು ಎದುರಾದರೆ ನಾನು ಸೈಕಲ್ಲಿನ ಚೈನು ಸರಿಮಾಡುವ ನೆಪದಲ್ಲಿ ಬಗ್ಗಿಬಿಡುತ್ತಿದ್ದೆ. ಹೆಂಡತಿ ಅವರ ಮನೆಗೆ ಹೋಗಿ ಬಂದಾಗಲೆಲ್ಲ, "ಪಾಪ, ಆ ಅಕ್ಕ ಒಬ್ಳೇ ಒದ್ದಾಡ್ತಾ ಇದಾಳೆ," ಅನ್ನುತ್ತಿದ್ದಳು. ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಒಂದು ವರ್ಷದ ಮೇಲೆ ಎಂಥ ಮಳೆ ಬಂತೆಂದರೆ, ಕೆರೆಗಳು ತುಂಬುವುದನ್ನೇ ಮರೆತಿದ್ದ ನಮ್ಮ ಕಡೆ ಒಂದು ಕೆರೆಯ ಕಟ್ಟೆ ಒಡೆದು ನೀರು ಕಂಬಿಯ ಮೇಲೆ ಹರಿಯಿತು. ಶ್ರೀನಿವಾಸಪುರದ ಈಚೆ ಒಂದು ಗೂಡ್ಸು ಗಾಡಿ ಅದರಲ್ಲಿ ಸಿಕ್ಕಿಕೊಂಡು ಪೂರಾ ಒಂದು ದಿನ ಗಾಲಿ ಮುಳುಗುವಷ್ಟು ನೀರಲ್ಲಿ ನಿಂತಿತು. ನೀರು ಇಳಿದ ಮೇಲೆ ಒಂದೊಂದು ಡಬ್ಬಿಯನ್ನೂ ಬಿಚ್ಚಿ, ಒರೆಸಿ, ಹೊಸದಾಗಿ ಮುಚ್ಚದೆ ಗಾಡಿ ಒಂದು ಮಾರು ಕದಲುವ ಹಾಗಿರಲಿಲ್ಲ. ಕೆಲಸಕ್ಕೆ ಜನ ಸಾಲದೆ ಸಾಹೇಬರು ಅವನನ್ನೂ ಕರೆಸಿದರು.

ಮೂರು ದಿನ ನಾವಿಬ್ಬರೂ ಒಂದೇ ಗಾಡಿಯ ಎರಡು ಬದಿಯಲ್ಲಿ ಕೆಲಸ ಮಾಡಿದೆವು. ಎರಡನೆಯ ದಿನ ಒಂದು ಸೋಜಿಗ ಕಂಡೆ. ಆ ಗಾಡಿಯಲ್ಲಿ ಅವನು ವರ್ಗವಾಗುವ ಮುಂಚೆ ಮುಚ್ಚಿದ ಮೂರು ಡಬ್ಬಿಗಳಿದ್ದವು. ಕಂಬಳಿಯಲ್ಲ, ಸ್ಟೋರಿನದೇ ಫೆಲ್ಟು. ನನ್ನ ಡಬ್ಬಿಗಳ ಮುಚ್ಚಳ ತೆಗೆದರೆ ಕೊಡದಿಂದ ಬಗ್ಗಿಸಿದ ಹಾಗೆ ನೀರು ಸುರಿಯುತ್ತಿತ್ತು. ಆ ಮೂರರಲ್ಲಿ ಒಂದು ಲೋಟದಷ್ಟು ನೀರೂ ಇರಲಿಲ್ಲ. ಅವನ ಫೆಲ್ಟನ್ನು ಕೈಯಲ್ಲಿ ಹಿಡಿದು ಗಾಡಿಯ ಪಕ್ಕದ ಒದ್ದೆ ಜಲ್ಲಿಯ ಮೇಲೆ ಕೂತುಬಿಟ್ಟೆ. ಅವನು ಆ ಬದಿಯಿಂದ ಬಗ್ಗಿ ಗಾಲಿಗಳ ನಡುವೆ ನನ್ನನ್ನು ನೋಡಿದ.

"ಏಮ್ರಾ ಮಾಲೂರು, ಹುಷಾರಿಲ್ವಾ?"

"ಆ ಮಾವಿನಹಣ್ಣಿನ ಡಬ್ಬ..." ಅಂದೆ. "ಅದು ನಾನು ಮುಚ್ಚಿದ್ದು ಕಣೋ. ಗುರುತು ಬದಲಾಯಿಸ್ಲಿಲ್ಲ. ಬೇಕಂತಲೇ."

"ಗೊತ್ತು ಬಿಡು. ಕುಯ್ದಿರೋ ತುದಿ ನೋಡಿದ ತಕ್ಷಣ ಗೊತ್ತಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ ನೀನು? ದೊಡ್ಡ ಮನುಷ್ಯ ಅನ್ನಿಸ್ಕೊಳ್ಳೋಕಾ?"

ಅವನು ಗಾಡಿಯ ಅಡಿಯಿಂದ ನುಸುಳಿಕೊಂಡು ಈ ಬದಿಗೆ ಬಂದು ನನ್ನ ಪಕ್ಕ ಕೂತ. ಬೀಡಿ ಹಚ್ಚಲು ನೋಡಿದ, ಬೆಂಕಿಪೆಟ್ಟಿಗೆ ನೆನೆದಿತ್ತು.

"ದೊಡ್ಡ ಮನುಷ್ಯನೂ ಇಲ್ಲ, ಏನೂ ಇಲ್ಲ. ನಿನ್ನ ಮೇಲೆ ನಂಗೆ ಎಷ್ಟು ಉರಿ ಇತ್ತು ಗೊತ್ತಾ? ಮೊದಲ್ನೇ ದಿನ ನಿನ್ನ ಪೆನ್ನು ಇಸ್ಕೊಂಡೆ ನೋಡು, ಅವತ್ತಿಂದ. ನೀನು ಡ್ರಾಯಿಂಗ್ ಬಿಡಿಸ್ಕೊಂಡು ಸಾಹೇಬ್ರ ಜೊತೆ ಇಂಗ್ಲಿಷಲ್ಲಿ ಮಾತಾಡ್ತಿದ್ರೆ ನಾನು ಎದ್ದು ಆಚೆ ಹೋಗ್ತಿದ್ದೆ. ನೀನು ಫೆಲ್ಟು ಒಣಗಿದ್ದನ್ನೇ ಹಾಕ್ತಿದ್ದೆ, ಸೀಳು ಕೆಳಗೆ ಬರೋ ಹಂಗೆ ಕೂರಿಸ್ತಿದ್ದೆ. ಮೊದಲ್ನೇ ವಾರದಿಂದ್ಲೇ ನೋಡ್ತಿದ್ದೀನಿ ನಾನು. ಎಣ್ಣೇಲಿ ನೆನೆಸು, ಸೀಳು ಮೇಲಕ್ಕಿರ್ಲಿ, ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಇಷ್ಟು ವರ್ಷ ಹೇಳ್ಲಿಲ್ಲ. ಸಾಹೇಬ್ರು ನಿಂಗೆ ಅಂದಾಗೆಲ್ಲ ನಂಗೆ ಒಳಗೊಳಗೇ ಖುಷಿ ಆಗ್ತಿತ್ತು. ಆ ಡಬ್ಬ ಸುಟ್ಟೋಯ್ತಲ್ಲ, ಅದ್ರಲ್ಲಿ ನಂದೂ ಪಾಲಿದೆ ಅನ್ನಿಸ್ತು. ಅದಕ್ಕೇ ಬಾಯಿ ಮುಚ್ಕೊಂಡೆ. ಪೋನೀ ಬಿಡು."

ನೆಲ ನೋಡುತ್ತ ಕೈ ಒರೆಸಿಕೊಳ್ಳುತ್ತಿದ್ದ ಆ ಮನುಷ್ಯನ ಒಳಗೆ ನಗು ಇತ್ತು! ಇಷ್ಟು ವರ್ಷ ನನಗೆ ಕಾಣದಿದ್ದ ನಗು. ಮೊದಲು ಸಿಟ್ಟು ಬಂತು. ಅವನ ಕುತ್ತಿಗೆ ಪಟ್ಟಿ ಹಿಡಿದು ಅಲುಗಾಡಿಸಬೇಕೆನಿಸಿತು. ಆಮೇಲೆ ಎದೆಯ ಮೇಲಿನದೇನೋ ಜಾರಿ ಇಳಿದ ಹಾಗಾಯಿತು. ಅವನೂ ನನ್ನಂಥವನೇ.

"ತೋರಿಸು ಮತ್ತೆ, ಹೆಂಗೆ ಅಂತ," ಅಂದೆ.

ಅವನು ತೋರಿಸಿದ. ಎಣ್ಣೆಯನ್ನು ಬೆಚ್ಚಗೆ ಮಾಡಿ ಫೆಲ್ಟನ್ನು ಅದರಲ್ಲಿ ಮುಳುಗಿಸಿಡಬೇಕು, ಗುಳ್ಳೆ ಬರುವುದು ನಿಲ್ಲುವ ತನಕ. ಮೆತ್ತಗೆ ಹಿಂಡಬೇಕು, ಪೂರಾ ಅಲ್ಲ. ಅದನ್ನು ಕೂರಿಸುವ ಕಾಲುವೆಯನ್ನು ಬಟ್ಟೆಯಿಂದ ಒರೆಸಿದರೆ ಸಾಲದು, ಬೆರಳ ತುದಿಯಿಂದ ಸುತ್ತಲೂ ಮುಟ್ಟಿ ನೋಡಬೇಕು, ಒಂದು ಮರಳಿನ ಕಾಳು ಉಳಿದಿದ್ದರೂ ಅಲ್ಲೇ ದಾರಿ. ಪಟ್ಟಿಯ ಎರಡು ತುದಿಯನ್ನು ಓರೆಯಾಗಿ ಕೊಯ್ದು ಒಂದರ ಮೇಲೊಂದು ಮಲಗಿಸಬೇಕು, ಆ ಜೋಡಣೆ ಅಚ್ಚಿನ ನೆತ್ತಿಯ ಮೇಲೆ ಬರಬೇಕು. ಇಷ್ಟೇ. ಗುಟ್ಟೆಂಬುದು ಏನೂ ಇರಲಿಲ್ಲ. ಐಟಿಐನ ಡ್ರಾಯಿಂಗಿನಲ್ಲಿ ಉಂಗುರ ಮಾತ್ರ ಇತ್ತು. ಅದರ ಸೀಳು ಎಲ್ಲಿರಬೇಕು ಅಂತ ಬರೆದಿರಲಿಲ್ಲ.

ಗಾಡಿ ಹೊರಟ ಮಾರನೆಯ ದಿನ ನಾನು ಸಾಹೇಬರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಬರೆದು ಕೊಡ್ತೀಯಾ?"

"ಕೊಡ್ತೀನಿ ಸಾರ್."

"ನಿನ್ನ ಫೈಲಲ್ಲಿ ಉಳ್ಕೊಳ್ಳತ್ತೆ ಕಣಯ್ಯ. ಯೋಚನೆ ಮಾಡು."

ಯೋಚನೆ ಮಾಡಿದರೆ ಬರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಲ್ಲೇ ಅವರ ಮೇಜಿನ ಮೂಲೆಯಲ್ಲೇ ನಿಂತು ಬರೆದುಕೊಟ್ಟೆ. ಉಸ್ತುವಾರಿ ಹೋಯಿತು. ನಾಲ್ಕು ತಿಂಗಳಲ್ಲಿ ಅವನು ಕೋಲಾರಕ್ಕೆ ವಾಪಸು ಬಂದ. ಉಸ್ತುವಾರಿಯನ್ನು ಅವನಿಗೇ ಕೊಟ್ಟರು. ನನ್ನ ಹೆಂಡತಿಗೆ ನಾನು ಮಾಡಿದ್ದನ್ನು ಹೇಳಿದಾಗ ಅವಳು ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಬ್ಬಳೇ ಅವರ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆ ಅತ್ತು ಬಂದಳಂತೆ.

ಅಲ್ಲಿಂದ ಎರಡು ವರ್ಷ ಚೆನ್ನಾಗಿ ನಡೆಯಿತು. ನನ್ನ ಸೊನ್ನೆಗಳು ಹೊಗೆಯಾಡುವುದು ನಿಂತಿತು. ಮತ್ತೆ ಒಟ್ಟಿಗೆ ಟೀ ಕುಡಿದೆವು. ಹೊಟ್ಟೆಕಿಚ್ಚು ಹೋಗಿಬಿಟ್ಟಿತು ಅಂತ ನಾನು ನಂಬಿದ್ದೆ. ಆಗ ಬೆಂಗಳೂರು-ಮದರಾಸಿನ ದೊಡ್ಡ ಲೈನಿನಿಂದ ಒಂದು ಕಾಗದ ಬಂತು. ಅಲ್ಲಿ ಹೊಸ ಬಗೆಯ ಬೇರಿಂಗುಗಳು ಬರುತ್ತಿವೆ, ಉಕ್ಕಿನ ಉರುಳೆಗಳಿರುವಂಥವು. ಕಾರ್ಖಾನೆಯಲ್ಲೇ ಗ್ರೀಸು ತುಂಬಿ, ರಬ್ಬರಿನ ಸೀಲು ಹಾಕಿ ಕಳಿಸುತ್ತಾರೆ. ಅದಕ್ಕೆ ತಿಳಿದ ಕೈಗಳು ಬೇಕು ಅಂತ. ಡ್ರಾಯಿಂಗ್ ಓದಬಲ್ಲವನು ನಾನೊಬ್ಬನೇ. ಲಿಸ್ಟಿನಲ್ಲಿ ಬಂದದ್ದು ಅವನ ಹೆಸರು. ನನ್ನ ಫೈಲಿನಲ್ಲಿ ನನ್ನದೇ ಕೈಬರಹದ ಕಾಗದವಿತ್ತಲ್ಲ, ಅದನ್ನು ನೋಡಿದ ಮೇಲೆ ಯಾರು ತಾನೇ ಕಳಿಸುತ್ತಾರೆ?

ಅವನು ಹೊರಡುವ ದಿನ ಎಲ್ಲರೂ ಹಾರ ಹಾಕಿದರು. ನಾನೂ ಹಾಕಿದೆ. "ಬಾರೋ ಒಂದ್ಸಲ ಆ ಕಡೆ, ಬೇರಿಂಗ್ ತೋರಿಸ್ತೀನಿ," ಅಂದ. ಬರ್ತೀನಿ ಅಂದೆ. ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ. ಈ ಸಲ ಯಾಕೆಂದು ಹೆಂಡತಿಗೆ ತಿಳಿದಿತ್ತು.

ನಾನು ಹೋಗಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಅಪ್ಪನನ್ನು ನೋಡಲು ಮಾಲೂರಿಗೆ ಹೋಗಿದ್ದಾಗ ಸ್ಟೇಷನ್ನಿನಲ್ಲಿ ತಾನಾಗಿ ಸಿಕ್ಕ. ಉದ್ದದ ಗೂಡ್ಸು ಗಾಡಿಯೊಂದು ನಿಂತಿತ್ತು. ಅವನು ಒಂದೊಂದು ಗಾಲಿಯ ಬಳಿಯೂ ಬಗ್ಗಿ, ಬೇರಿಂಗಿನ ಮೇಲೆ ಅಂಗೈ ಇಟ್ಟು, ಬಿಸಿ ನೋಡಿ ಮುಂದೆ ಹೋಗುತ್ತಿದ್ದ. ಹಿಂದೆ ಇಬ್ಬರು ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಓಡಿ ಬಂದ. ಪ್ಲಾಟ್‌ಫಾರಮ್ಮಿನಲ್ಲೇ ಟೀ ಕುಡಿದೆವು.

"ಇದನ್ನ ಬಿಚ್ಚೋ ಹಂಗೇ ಇಲ್ಲ ಕಣೋ," ಅಂದ. "ಬಿಸಿ ಆಯ್ತಾ, ಗಾಲಿ ಸಮೇತ ಕಾರ್ಖಾನೆಗೆ ಕಳ್ಸು. ಒಳಗೆ ಏನಾಗಿದೆ ಅಂತ ನೋಡೋಕೂ ಬಿಡಲ್ಲ."

ಅವನಿಗೆ ಬೇಸರವಿತ್ತೋ, ನನ್ನ ಸಮಾಧಾನಕ್ಕೆ ಹಾಗೆ ಅಂದನೋ ತಿಳಿಯಲಿಲ್ಲ. ಆ ಇಬ್ಬರೂ ದೂರದಲ್ಲಿ ಅವನಿಗಾಗಿ ಕಾಯುತ್ತ ನಿಂತಿದ್ದರು. ಅವನ ಖಾಕಿ ಶರ್ಟಿಗೆ ಇಸ್ತ್ರಿಯಾಗಿತ್ತು. ಗಾರ್ಡು ಸೀಟಿ ಊದಿದ ಮೇಲೆ ನನ್ನ ಭುಜ ತಟ್ಟಿ, ಮಕ್ಕಳನ್ನು ಕೇಳಿದೆ ಅಂತ ಹೇಳು ಎಂದು ಹೊರಟ.

ಕೋಲಾರಕ್ಕೆ ಬಂದ ಮೇಲೆ ಹೆಂಡತಿಗೆ, ಮುಳಬಾಗಿಲು ಸಿಕ್ಕಿದ್ದ ಅಂದೆ. ಅವಳು ಒಲೆಯ ಮುಂದಿನಿಂದ ಎದ್ದೇ ಬಂದಳು.

"ಹೌದಾ! ಹೆಂಗಿದಾರೆ ಅಣ್ಣ?"

"ತಲೆ ಪೂರಾ ನೆರೆತೋಗಿದೆ," ಅಂದೆ. ಇಸ್ತ್ರಿ ಶರ್ಟಿನ ಮಾತಾಗಲಿ, ಅವನ ಹಿಂದೆ ಪುಸ್ತಕ ಹಿಡಿದು ಬರುತ್ತಿದ್ದ ಇಬ್ಬರ ಮಾತಾಗಲಿ ಎತ್ತಲಿಲ್ಲ.